ಹಿತ್ತಲ ಹೆಬ್ಬಾತು: ಮೊಟ್ಟೆಯ ತೊಡಕು, ಸುಣ್ಣದ ಲೆಕ್ಕ

ಹೆಬ್ಬಾತಿನ ಮೊಟ್ಟೆ ಒಂದಿದ್ದರೆ ಅಂಗೈ ತುಂಬಿತು. ತೂಕ ಸುಮಾರು 150 ಗ್ರಾಂ, ಅಂದರೆ ಕೋಳಿಯ ಎರಡೂವರೆ ಮೊಟ್ಟೆಗೆ ಸಮ. ಬಟ್ಟಲಿನ ಅಂಚಿಗೆ ಮೆಲ್ಲಗೆ ತಟ್ಟಿದರೆ ಅದು ಬಿರಿಯುವುದೂ ಇಲ್ಲ, ಎರಡೇಟು ಜೋರಾಗಿಯೇ ಬೇಕು. ಆ ಗಟ್ಟಿ ಚಿಪ್ಪನ್ನು ಒಣಗಿಸಿ ತಕ್ಕಡಿಗಿಟ್ಟರೆ 18 ಗ್ರಾಂ ಆಸುಪಾಸು ತೂಗುತ್ತದೆ. ಅದರಲ್ಲಿ ಶೇ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ನಮ್ಮ ಸುಣ್ಣದ ಕಲ್ಲಿನದೇ ವಸ್ತು. ಬರೀ ಕ್ಯಾಲ್ಸಿಯಂ ಎಷ್ಟೆಂದು ಲೆಕ್ಕ ಹಾಕಿದರೆ ಒಂದು ಮೊಟ್ಟೆಗೆ ಹತ್ತಿರ ಹತ್ತಿರ 7 ಗ್ರಾಂ. ಮೊಟ್ಟೆಯ ಕಾಲದಲ್ಲಿ ಹೆಬ್ಬಾತು ದಿನ ಬಿಟ್ಟು ದಿನ ಇಷ್ಟನ್ನು ಮೈಯಿಂದ ಹೊರಹಾಕುತ್ತದೆ. ಹಿತ್ತಲಲ್ಲಿ ಸಾಕಿದ ಹೆಬ್ಬಾತುಗಳು ಮೊಟ್ಟೆಯಿಡುವಾಗ ಪಡುವ ಪಾಡಿನಲ್ಲಿ ದೊಡ್ಡ ಪಾಲು ಈ ಲೆಕ್ಕ ತಪ್ಪಿದಾಗಿನದು.

ಮನೆಯಲ್ಲಿ ಸಾಕುವ ಹೆಬ್ಬಾತುಗಳಿಗೆ ಕಾಡಿನ ಮೂಲ ಎರಡು. ಎಂಬ್ಡೆನ್, ಟೂಲೂಸ್‌ನಂಥ ಯುರೋಪಿನ ತಳಿಗಳು ಬೂದು ಹೆಬ್ಬಾತಿನಿಂದ ಬಂದವು. ಕೊಕ್ಕಿನ ಬುಡದಲ್ಲಿ ಗುಬುಟು ಇರುವ ಚೈನೀಸ್ ಮತ್ತು ಆಫ್ರಿಕನ್ ತಳಿಗಳ ಪೂರ್ವಜ ಪೂರ್ವ ಏಷ್ಯಾದ ಉದ್ದ ಕತ್ತಿನ ಹೆಬ್ಬಾತು. ನಮ್ಮ ‘ಹಂಸ’, ಜರ್ಮನ್ನರ ‘ಗಾನ್ಸ್’, ಲ್ಯಾಟಿನ್ನಿನ ‘ಆನ್ಸರ್’ ಮೂರೂ ಒಂದೇ ಬೇರಿನ ಮಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಈ ಸಾಕು ಹೆಬ್ಬಾತುಗಳ ಕಾಡು ನೆಂಟ. ಆದರೆ ಅದು ಇಲ್ಲಿ ಮೇದು ಹೋಗುವುದಷ್ಟೇ, ಮೊಟ್ಟೆಯಿಡುವುದು ಮಂಗೋಲಿಯ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ.

ಕೋಳಿಗೂ ಹೆಬ್ಬಾತಿಗೂ ಇರುವ ಮುಖ್ಯ ಅಂತರ ಕಾಲಮಾನದ್ದು. ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಟ್ಟೀತು. ಎಂಬ್ಡೆನ್, ಟೂಲೂಸ್ ತಳಿಗಳು 30–40ಕ್ಕೆ ನಿಲ್ಲುತ್ತವೆ, ಚೈನೀಸ್ ತಳಿ 50 ದಾಟುವುದುಂಟು. ಅಷ್ಟೂ ಮೊಟ್ಟೆ ಬರುವುದು ವರ್ಷದ ಕೆಲವೇ ತಿಂಗಳಲ್ಲಿ. ಯುರೋಪಿನಲ್ಲಿ ಹಗಲು ಉದ್ದವಾಗತೊಡಗಿದಾಗ, ಫೆಬ್ರವರಿ–ಮಾರ್ಚ್‌ಗೆ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮಗಾಂಗ್ ತಳಿಯದು ಇದಕ್ಕೆ ತಿರುಗುಮುರುಗು: ಹಗಲು ಗಿಡ್ಡವಾಗತೊಡಗಿದಾಗ ಮೊಟ್ಟೆ ಆರಂಭಿಸಿ, ವಸಂತದಲ್ಲಿ ನಿಲ್ಲಿಸುತ್ತದೆ. ಹೇಗಿದ್ದರೂ ಸುಣ್ಣದ ಖರ್ಚು ವರ್ಷವಿಡೀ ಹಂಚಿಕೊಂಡದ್ದಲ್ಲ, ಮದುವೆ ಮನೆಯ ಖರ್ಚಿನಂತೆ ಒಮ್ಮೆಲೇ ಬಂದು ಬೀಳುವಂಥದ್ದು.

ಅದಕ್ಕೆ ಹಕ್ಕಿಯ ಮೈಯೇ ಮೊದಲು ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆಯ ಕಾಲ ಹತ್ತಿರವಾದಾಗ ಈಸ್ಟ್ರೋಜನ್ ಹಾರ್ಮೋನಿನ ಪ್ರೇರಣೆಯಿಂದ ಹೆಣ್ಣಿನ ಕಾಲೆಲುಬುಗಳ ಪೊಳ್ಳಿನೊಳಗೆ ಬಲೆಯಂಥ ಹೊಸ ಎಲುಬು ಬೆಳೆಯುತ್ತದೆ. ಇದು ಭಾರ ಹೊರುವ ಎಲುಬಲ್ಲ, ಕ್ಯಾಲ್ಸಿಯಂ ಕಣಜ. ಗಂಡಿನಲ್ಲಿ ಇದಿಲ್ಲ. ಅಂಡನಾಳದ ಕೊನೆಯ ಭಾಗದಲ್ಲಿ ಮೊಟ್ಟೆಗೆ ಚಿಪ್ಪು ಕೂರುವುದು ಬಹುಪಾಲು ರಾತ್ರಿ, ಹಕ್ಕಿ ಮೇಯದ ಹೊತ್ತಿನಲ್ಲಿ. ಆಗ ಕೊರತೆ ಬಿದ್ದಷ್ಟನ್ನು ರಕ್ತವು ಈ ಕಣಜದಿಂದ ಕಡ ತರುತ್ತದೆ. ಹಗಲಿನ ಮೇವಿನಿಂದ ಕಡ ತೀರದೆ ಹೋದರೆ ಮುಂದಿನ ಸರದಿ ಗಟ್ಟಿ ಎಲುಬಿನದು. ಹೆಣ್ಣು ಕುಂಟತೊಡಗುತ್ತದೆ, ಎದ್ದು ನಿಲ್ಲಲು ಮನಸ್ಸು ಮಾಡುವುದಿಲ್ಲ.

ಮೇವಿನಲ್ಲಿ ಎಷ್ಟಿರಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಕೋಳಿ ಪೋಷಣೆಯ ಕೈಪಿಡಿ ಮೊಟ್ಟೆಯಿಡುವ ಹೆಬ್ಬಾತಿಗೆ ಶೇ 2.25 ಕ್ಯಾಲ್ಸಿಯಂ ಎಂದು ಹೇಳುತ್ತದೆ. ಬೆಳೆಯುವ ಮರಿಗೆ ಶೇ 0.6ರ ಆಜುಬಾಜು ಸಾಕು. ಇನ್ನು ನಮ್ಮ ಹಿತ್ತಲಿನ ಸಂಗತಿ ನೋಡಿ. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ಇರುವುದು ಶೇ 0.02 ಮಾತ್ರ. ದಿನಕ್ಕೆ ಕಾಲು ಕಿಲೋ ತಿಂದರೂ ದಕ್ಕುವುದು 50 ಮಿಲಿಗ್ರಾಂ, ಬೇಕಾದದ್ದು ಗ್ರಾಂಗಳಲ್ಲಿ. ಅಕ್ಕಿ ತೌಡು, ಗೋಧಿ ಬೂಸಾ ಇನ್ನೊಂದು ಬಗೆಯ ಮೋಸ: ಅವುಗಳಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ, ಅಳತೆ ತಪ್ಪಿದ ರಂಜಕ ಇರುವ ಕ್ಯಾಲ್ಸಿಯಂ ಮೈಗೆ ಹತ್ತಲೂ ಬಿಡುವುದಿಲ್ಲ. ಅಡುಗೆಮನೆಯಿಂದ ಪ್ರೀತಿಯಿಂದ ತಂದು ಹಾಕುವ ಪಾಲಕ್, ಹರಿವೆ ಸೊಪ್ಪಿನಲ್ಲಿರುವ ಆಕ್ಸಲೇಟ್ ಕೂಡ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಸೊಪ್ಪೇ ಹಾಕುವುದಾದರೆ ಕುದುರೆ ಮಸಾಲೆ ಸೊಪ್ಪು ಒಳ್ಳೆಯದು. ಹೆಬ್ಬಾತು ಹುಟ್ಟಾ ಹುಲ್ಲು ಮೇಯುವ ಹಕ್ಕಿ, ಬಯಲಿಗೆ ಬಿಟ್ಟರೆ ಬಿಸಿಲೂ ಸಿಗುತ್ತದೆ. ಗರಿಯಿಲ್ಲದ ಕಾಲಿನ ಚರ್ಮಕ್ಕೆ ಬಿಸಿಲು ಬಿದ್ದು ಡಿ3 ಜೀವಸತ್ವ ತಯಾರಾಗದಿದ್ದರೆ, ತಿಂದ ಸುಣ್ಣ ಕರುಳಿನಿಂದ ರಕ್ತಕ್ಕೆ ಏರುವುದೇ ಕಷ್ಟ.

ಹಾಗೆಂದು ವರ್ಷವಿಡೀ ಸುಣ್ಣ ಸುರಿಯುವಂತಿಲ್ಲ. ಮೊಟ್ಟೆಕೋಳಿಗೆಂದು ಮಾರುವ ಲೇಯರ್ ಆಹಾರದಲ್ಲಿ ಕ್ಯಾಲ್ಸಿಯಂ ಶೇ 3.5–4ರಷ್ಟಿರುತ್ತದೆ. ಹೆಬ್ಬಾತಿನ ಮರಿಗಳಿಗೆ ಅದನ್ನೇ ಹಾಕುತ್ತ ಹೋದರೆ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳ ಅಂಗಗಳ ಮೇಲೆ ಸೀಮೆಸುಣ್ಣದ ಪುಡಿಯಂತೆ ಕೂರುತ್ತದೆ. ಗಂಡಿಗೂ, ಮೊಟ್ಟೆ ನಿಲ್ಲಿಸಿದ ಹೆಣ್ಣಿಗೂ ಅದು ದಂಡದ ಹೊರೆ. ಎಲ್ಲವೂ ಒಂದೇ ತೊಟ್ಟಿಯಲ್ಲಿ ತಿನ್ನುವ ಹಿತ್ತಲಲ್ಲಿ ಹಳೆಯ ಉಪಾಯವೇ ವಾಸಿ: ಮೇವು ಬೇರೆ, ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ. ಮೊಟ್ಟೆಯಿಡುವ ಹಕ್ಕಿಗೆ ಸುಣ್ಣದ ಹಸಿವು ತಾನಾಗಿ ಹುಟ್ಟುತ್ತದೆ. ಪಶು ಆಹಾರದ ಅಂಗಡಿಯಲ್ಲಿ ‘ಶೆಲ್ ಗ್ರಿಟ್’ ಎಂದು ಕೇಳಿದರೆ ಕೊಡುವುದು ಇದನ್ನೇ. ಹಿಟ್ಟಿಗಿಂತ ಜೋಳದ ನುಚ್ಚಿನಷ್ಟು ದಪ್ಪದ ಚೂರು ಮೇಲು, ಅದು ಮೇವು ಅರೆಯುವ ಜಠರದಲ್ಲಿ ಉಳಿದು ಚಿಪ್ಪು ಕೂರುವ ರಾತ್ರಿಯ ಹೊತ್ತಿಗೆ ನಿಧಾನ ಕರಗುತ್ತದೆ. ಬೆಣಚುಕಲ್ಲಿನ ಹರಳು ಅರೆಯುವುದಕ್ಕಾಯಿತೇ ಹೊರತು ಅದರಲ್ಲಿ ಸುಣ್ಣವಿಲ್ಲ. ಎಲೆಗೆ ಸವರುವ ಸುಣ್ಣವನ್ನಂತೂ ಇಡಬಾರದು, ಬಾಯಿ ಗಂಟಲು ಸುಡುತ್ತದೆ.

ಕೊರತೆಯ ಮೊದಲ ಸುಳಿವು ಗೂಡಿನಲ್ಲೇ ಕಾಣುತ್ತದೆ: ಚಿಪ್ಪು ತೆಳು, ಮೈ ಒರಟು, ಕೆಲವೊಮ್ಮೆ ಚಿಪ್ಪೇ ಇಲ್ಲದೆ ಬರೀ ಪೊರೆಯಲ್ಲಿ ಜೋಲುವ ಮೊಟ್ಟೆ. ಪ್ರಾಯಕ್ಕೆ ಬಂದ ಹೆಣ್ಣಿನ ಮೊದಲ ಒಂದೆರಡು ಮೊಟ್ಟೆ ಹೀಗಿದ್ದರೆ ಗಾಬರಿ ಬೇಡ. ನಾಯಿ ಅಟ್ಟಿಸಿಕೊಂಡು ಬಂದ ಮರುದಿನವೂ ಹೀಗಾದೀತು. ಕಡು ಬೇಸಿಗೆಯಲ್ಲಿ ಹಕ್ಕಿ ಬಾಯ್ತೆರೆದು ತೇಕುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಆಗ ಚಿಪ್ಪಿನ ಬಟ್ಟಲಿಗಿಂತ ನೆರಳು, ನೀರೇ ಮದ್ದು.

ಹೆಚ್ಚು ಭಯದ್ದು ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು. ಸ್ನಾಯು ಕುಗ್ಗಲೂ ಕ್ಯಾಲ್ಸಿಯಂ ಬೇಕು. ಅದು ಇಳಿದಾಗ ಅಂಡನಾಳಕ್ಕೆ ತಳ್ಳುವ ಕಸುವೇ ಇರುವುದಿಲ್ಲ. ಕೊಬ್ಬಿದ ಹಕ್ಕಿ, ಎಳೆ ವಯಸ್ಸು, ಎರಡು ಹಳದಿಯ ಭಾರಿ ಮೊಟ್ಟೆ ಇವೂ ಕಾರಣಗಳೇ. ಬೆಳಿಗ್ಗೆ ಬಾಗಿಲು ತೆಗೆದಾಗ ಹಿಂಡೆಲ್ಲ ಕೂಗುತ್ತ ನೀರಿಗೆ ಓಡಿದರೆ ಒಂದು ಹೆಣ್ಣು ಮಾತ್ರ ಮೂಲೆಯಲ್ಲಿ ಉಳಿಯುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ, ಕಾಲು ಅಗಲಿಸಿ ಎದೆ ಎತ್ತಿ ನಿಂತು ಮುಕ್ಕುತ್ತದೆ, ಹಿಕ್ಕೆ ಬರುವುದಿಲ್ಲ. ಒತ್ತಡ ನರಗಳಿಗೆ ತಗುಲಿದರೆ ಕಾಲು ಸೋಲುತ್ತದೆ. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಹಿಂಭಾಗ ಮುಳುಗುವಂತೆ ಅರ್ಧ ತಾಸು ಕೂರಿಸಿ, ಬಳಿಕ ಕತ್ತಲೆಯ ಬೆಚ್ಚನೆ ಜಾಗದಲ್ಲಿ ಬಿಡುವುದು ಮೊದಲ ಉಪಚಾರ. ಒಳಗೆ ಕೈಹಾಕಿ ಮೊಟ್ಟೆ ಒಡೆಯಬಾರದು, ಚಿಪ್ಪಿನ ಚೂರು ನಾಳವನ್ನು ಸೀಳುತ್ತದೆ. ಕೆಲವು ತಾಸಿನಲ್ಲಿ ಫಲ ಕಾಣದಿದ್ದರೆ ಪಶುವೈದ್ಯರೇ ಬೇಕು. ಅವರು ಕೊಡುವ ಕ್ಯಾಲ್ಸಿಯಂ ಗ್ಲುಕೊನೇಟ್‌ನಿಂದಲೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಎಲ್ಲ ದೂರನ್ನೂ ಸುಣ್ಣದ ಮೇಲೆ ಹೊರಿಸುವುದೂ ಸರಿಯಲ್ಲ. ಹಳದಿ ದಾರಿ ತಪ್ಪಿ ಹೊಟ್ಟೆಯ ಕುಹರಕ್ಕೆ ಬಿದ್ದು, ಇ. ಕೋಲಿ ಬ್ಯಾಕ್ಟೀರಿಯಾ ಸೇರಿ ಕೊಳೆತರೆ ಹೊಟ್ಟೆ ಉಬ್ಬಿ ಹಕ್ಕಿ ಸೊರಗುತ್ತದೆ. ಹಂಗೇರಿಯ ಹಿಂಡುಗಳಲ್ಲಿ ಅಂಡನಾಳದ ಉರಿಯೂತಕ್ಕೂ ಮೊಟ್ಟೆ ನಷ್ಟಕ್ಕೂ ಕಾರಣವಾಗಿದ್ದ ಮೈಕೊಪ್ಲಾಸ್ಮಾ ಗುಂಪಿನ ಒಂದು ಬ್ಯಾಕ್ಟೀರಿಯಾಕ್ಕೆ 2020ರಲ್ಲಷ್ಟೇ ಹೆಸರಿಟ್ಟರು: ಮೈಕೊಪ್ಲಾಸ್ಮಾ ಆನ್ಸೆರಿಸಾಲ್ಪಿಂಜಿಟಿಡಿಸ್. ‘ಹೆಬ್ಬಾತಿನ ಅಂಡನಾಳದ ಉರಿಯೂತದ್ದು’ ಎಂಬುದೇ ಆ ಹೆಸರಿನ ಅರ್ಥ. ಬೆದೆಯಲ್ಲಿ ಕೂಡುವಾಗ ಇದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಮೊಟ್ಟೆಗಳನ್ನು ದಿನವೂ ಎತ್ತುತ್ತಿದ್ದರೆ ಹೆಣ್ಣು ಇನ್ನಷ್ಟು ಇಡುತ್ತದೆ, ಕಣಜವೂ ಅಷ್ಟೇ ಬರಿದಾಗುತ್ತದೆ. ಸೊರಗಿದ ಹೆಣ್ಣಿಗೆ ವಿರಾಮ ಕೊಡಬೇಕೆಂದರೆ ಗೂಡಿನಲ್ಲಿ ಹತ್ತು ಹನ್ನೆರಡು ಮೊಟ್ಟೆ ಬಿಟ್ಟು ಕಾವಿಗೆ ಕೂರಲು ಬಿಡುತ್ತಾರೆ. ಎದೆಯ ತುಪ್ಪುಳ ಕಿತ್ತು ಗೂಡಿಗೆ ಹಾಸಿಕೊಂಡು ಕೂತ ಹೆಬ್ಬಾತು ಸುಮಾರು 30 ದಿನ ಏಳುವುದು ಅಪರೂಪ. ಮೇವಿಗೆ ಒಂದು ಗಳಿಗೆ ಬಂದಾಗಲೂ ನೇರ ನೀರಿಗೆ, ಹುಲ್ಲಿಗೆ ಹೋಗುತ್ತದೆ. ವಾರದ ಹಿಂದೆ ಖಾಲಿ ಮಾಡುತ್ತಿದ್ದ ಚಿಪ್ಪಿನ ಬಟ್ಟಲನ್ನು ಮೂಸಿಯೂ ನೋಡುವುದಿಲ್ಲ.