ಜಮಖಂಡಿಯ ಗ್ರಹಣವೂ ಸೂರ್ಯನ ಚಾಚಿಕೆಗಳೂ

ವಿಜ್ಞಾನದ ಇತಿಹಾಸವೆಂದೊಡನೆ ನಮ್ಮ ಮಕ್ಕಳ ಮನಸ್ಸು ಇಂಗ್ಲೆಂಡು, ಜರ್ಮನಿಗಳತ್ತ ಹರಿಯುತ್ತದೆ. ಕುಶಾವತಿಯ ದಂಡೆಯ ಈ ಕೆಪೆಯಿಂದ ಘಟ್ಟವೇರಿ, ಬೆಳಗಾವಿಯನ್ನು ದಾಟಿದರೆ ಸಿಗುವ ಜಮಖಂಡಿಗೂ ಅದರಲ್ಲೊಂದು ಪಾಲಿದೆಯೆಂಬುದನ್ನು ಗಡಿನಾಡಿನ ಕನ್ನಡ ಮಕ್ಕಳಿಗೆ ನಾವಲ್ಲದೆ ಇನ್ನಾರು ಹೇಳಬೇಕು?

೧೮೬೮ನೆಯ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲನು ರೋಹಿತದರ್ಶಕದೊಡನೆ ಬಂದಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ. ಗ್ರಹಣಕಾಲದಲ್ಲಿ ಸೂರ್ಯನ ಅಂಚಿನಲ್ಲಿ ಕೆಂಪಗೆ ತೋರುವ ಚಾಚಿಕೆಗಳು ಯಾವ ವಸ್ತುವೆಂಬುದು ಅಂದಿನ ಪ್ರಶ್ನೆ. ಮೋಡಗಳ ಕಾಟದ ನಡುವೆಯೂ ಅವನಿಗೆ ಬೆಳಗುವ ಬಿಡಿ ಗೆರೆಗಳು ಕಂಡವು. ಅಖಂಡವಾದ ಬಣ್ಣದ ಪಟ್ಟಿಗೆ ಬದಲಾಗಿ ಇಂಥ ಗೆರೆಗಳು ಕಂಡರೆ, ಬೆಳಕು ಬರುವುದು ಕಾದ ಅನಿಲದಿಂದ ಎಂದರ್ಥ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನನೂ ಇದನ್ನೇ ಕಂಡನು.

ವಸ್ತುವು ಅನಿಲವೆಂದು ತಿಳಿಯಿತು. ಅದು ಬೀಳದೆ ನಿಂತಿರುವುದು ಹೇಗೆ? ಸೂರ್ಯನ ಹೊರಾವರಣದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮಿಗಿಲು. ಚಾಚಿಕೆಯದು ಹತ್ತು ಸಾವಿರದ ಆಸುಪಾಸು. ಸಾಂದ್ರತೆಯಾದರೋ ಸುಮಾರು ನೂರು ಪಟ್ಟು. ಎಣ್ಣೆಯ ಮೇಲೆ ಮೆಲ್ಲಗೆ ನೀರು ಸುರಿದರೂ ನೀರು ಅಲ್ಲಿ ನಿಲ್ಲದು. ಭಾರವಾದುದು ಬೆರಳುಬೆರಳಾಗಿ ಕೆಳಗಿಳಿಯುತ್ತದೆ, ಹಗುರಾದುದು ಮೇಲೇಳುತ್ತದೆ. ೧೮೮೩ರಲ್ಲಿ ರ‍್ಯಾಲೆಯೂ ೧೯೫೦ರಲ್ಲಿ ಟೇಲರನೂ ಈ ಅಸ್ಥಿರತೆಯನ್ನು ಗಣಿತಕ್ಕೆ ಒಳಪಡಿಸಿದರು. ಕಾಂತಕ್ಷೇತ್ರವು ಇದನ್ನು ಎಷ್ಟರಮಟ್ಟಿಗೆ ತಡೆಯಬಲ್ಲದೆಂಬುದನ್ನು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೬೧ರ ತಮ್ಮ ಮಹಾಗ್ರಂಥದಲ್ಲಿ ವಿವರಿಸಿದರು. ಬಿಗಿದ ತಂತಿಯು ಬಾಗಲೊಲ್ಲದಂತೆ ಕಾಂತರೇಖೆಗಳೂ ಬಾಗಲೊಲ್ಲವು. ಚಾಚಿಕೆಗೆ ಅವೇ ತೊಟ್ಟಿಲು.

ಆದರೆ ತೊಟ್ಟಿಲಿಗೆ ತೂತುಗಳಿವೆ. ಚಾಚಿಕೆಯಲ್ಲಿ ಎಲ್ಲ ಪರಮಾಣುಗಳೂ ಒಡೆದು ವಿದ್ಯುತ್ಕಣಗಳಾಗಿಲ್ಲ. ಅದು ಅರೆಬರೆ ಅಯಾನೀಕೃತವಾದ ಪ್ಲಾಸ್ಮಾ. ವಿದ್ಯುತ್ಕಣಗಳನ್ನು ಕಾಂತಕ್ಷೇತ್ರವು ಹಿಡಿಯುತ್ತದೆ. ಇಡಿಯ ಪರಮಾಣುಗಳು ಅದಕ್ಕೆ ಸಿಕ್ಕವು. ವಿದ್ಯುತ್ಕಣಗಳ ಡಿಕ್ಕಿಯಿಂದಷ್ಟೇ ತಡೆದು ನಿಂತು, ಮೆಲ್ಲಮೆಲ್ಲನೆ ನುಸುಳುತ್ತವೆ. ಆದಕಾರಣ ಅಸ್ಥಿರತೆಯು ನಿಧಾನವಾಗುವುದೇ ಹೊರತು ಪೂರ್ತಿ ಅಡಗುವುದಿಲ್ಲ. ೨೦೦೬ರಲ್ಲಿ ಜಪಾನು ಹಾರಿಸಿದ ಹಿನೋಡೆ ಉಪಗ್ರಹವು ಚಾಚಿಕೆಗಳ ಒಳಗೆ ಕಪ್ಪು ಬುಗ್ಗೆಗಳು ಮೇಲೇಳುವುದನ್ನು ತೋರಿಸಿತು. ಅವು ಇಂಥ ಅಸ್ಥಿರತೆಯ ಫಲವೆಂದು ವಿದ್ವಾಂಸರು ಎಣಿಸುತ್ತಾರೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ಕೊಡೈಕನಾಲ್ ವೀಕ್ಷಣಾಲಯವು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಚಾಚಿಕೆಗಳ ಚಿತ್ರಗಳನ್ನು ಸಂಗ್ರಹಿಸಿದೆ. ೨೦೨೩ರಲ್ಲಿ ಭಾರತವು ಆದಿತ್ಯ ನೌಕೆಯನ್ನು ಸೂರ್ಯವೀಕ್ಷಣೆಗೆ ಕಳುಹಿಸಿತು. ಗಡಿಯಾಚೆ ಕಲಿಯುವ ಕನ್ನಡದ ಮಗು ಈ ಸರಣಿಯ ಮೊದಲ ಕೊಂಡಿಗಳಲ್ಲಿ ಜಮಖಂಡಿಯ ಹೆಸರನ್ನು ಕಂಡರೆ, ವಿಜ್ಞಾನವು ಪರರ ಸೊತ್ತೆಂಬ ಅಳುಕು ಅದರಿಂದ ದೂರವಾಗುವುದು.