ನಂದೂರದಿಂದ ಕಾರ್-ಟಿ: ಬೆಲೆಗೆ ಮುಂಚಿನ ಪ್ರಶ್ನೆ

ರಕ್ತ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಯ ಚರ್ಚೆ ನಮ್ಮಲ್ಲಿ ಬೆಲೆಯ ಸುತ್ತಲೇ ತಿರುಗುತ್ತಿದೆ. ಕಾರಣವಿಲ್ಲದೆ ಅಲ್ಲ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಕಾರ್-ಟಿ ಉತ್ಪನ್ನದ ಬೆಲೆ 4,75,000 ಡಾಲರ್ ಇತ್ತು. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ, 2023ರಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಕಾರ್ಟೆಮಿ ಎಂಬ ಕಾರ್-ಟಿ ಉತ್ಪನ್ನವನ್ನು ಹೊರತಂದಿತು. ಆದರೂ ಕಲಬುರಗಿ ಪಕ್ಕದ ನಂದೂರದ ರೋಗಿಗೆ ಬೆಲೆಗಿಂತ ಮೊದಲು ಅಡ್ಡಬರುವುದು ಕಾಲ ಮತ್ತು ದೂರ ಎಂಬುದು ಇಲ್ಲಿಯ ವಾದ.

ಈ ಚಿಕಿತ್ಸೆ ಅಂಗಡಿಯಿಂದ ತರುವ ಔಷಧವಲ್ಲ. ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು ಬೇರ್ಪಡಿಸಿ, ಬಿ ಕೋಶಗಳ ಮೇಲಿನ ಸಿಡಿ19 ಗುರುತನ್ನು ಹಿಡಿಯುವ ಗ್ರಾಹಕವನ್ನು ಅವುಗಳಿಗೆ ಜೋಡಿಸಿ, ಬೆಳೆಸಿ ಮರಳಿಸಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ. ಮರುಕಳಿಸಿದ ಲ್ಯುಕೇಮಿಯಾ ಅಷ್ಟು ಕಾಯದೆಯೂ ಇರಬಹುದು. ಹಲವು ಸುತ್ತಿನ ಕೀಮೋ ನಂತರ ತಡವಾಗಿ ಕಳಿಸಿದರೆ ಒಳ್ಳೆಯ ಟಿ ಕೋಶಗಳು ಸಿಗುವುದೇ ಕಷ್ಟ. ನೆಕ್ಸ್‌ಕಾರ್19ರ ಪ್ರಯೋಗಗಳಿಗೆ ಸೇರಿದವರು 64, ಫಲಿತಾಂಶದ ಅಳತೆಗೆ ಸಿಕ್ಕವರು 51. ಪ್ರಕಟವಾದ ಶೇ 73ರ ಸ್ಪಂದನೆ ಈ 51 ಮಂದಿಯದು. ಕಲಬುರಗಿ ಜಿಲ್ಲೆಯದೇ ಆದ ಕಮಲಾಪುರದಲ್ಲಿ ಬಿಡದ ಜ್ವರವೆಂದು ತಿಂಗಳುಗಟ್ಟಲೆ ಗುಳಿಗೆ ನುಂಗಿದವರು ಈ ಎರಡೂ ಲೆಕ್ಕಗಳ ಹೊರಗೇ ಉಳಿಯುತ್ತಾರೆ.

ಮೊದಲ ಸಲದ ಕೀಮೋವನ್ನೇ ಪೂರ್ತಿ ಮಾಡಿಸಲಾಗದವರಿಗೆ ಕಾರ್-ಟಿ ಮಾತೇಕೆ ಎಂಬ ಆಕ್ಷೇಪ ತೂಕದ್ದು. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಹುಪಾಲು ಕೀಮೋದಿಂದಲೇ ವಾಸಿಯಾಗುತ್ತದೆ, ಹಣವೂ ಮೊದಲು ಅಲ್ಲಿಗೇ ಹೋಗಬೇಕು. ಆದರೆ ಬೇಗ ಗುರುತಿಸುವ ರಕ್ತಪರೀಕ್ಷೆ, ಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ, ಸೋಂಕಿನ ಆರೈಕೆ ಇವು ಕೀಮೋ, ಕಾರ್-ಟಿ ಎರಡಕ್ಕೂ ಬೇಕು. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಮತ್ತು ಜಿಮ್ಸ್ ಆಸ್ಪತ್ರೆಯಲ್ಲಿ ಇವನ್ನು ಬಲಪಡಿಸಿದರೆ ಖರ್ಚು ಒಂದೇ, ಫಲ ಎರಡು. ಕಾರ್-ಟಿಯನ್ನು ಅಲ್ಲಿಯೇ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅದು ಸದ್ಯಕ್ಕೆ ದುಡುಕು.

ಚಿಕಿತ್ಸೆಯ ನಂತರ ಊರಿಗೆ ಮರಳುವುದು ಅಪಾಯವಲ್ಲವೇ? ರೋಗನಿರೋಧಕ ಸಂಕೇತಗಳಾದ ಸೈಟೊಕೈನ್‌ಗಳ ಉಬ್ಬರ ಮತ್ತು ನರಸಂಬಂಧಿ ತೊಂದರೆ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ತಲೆದೋರುತ್ತವೆ. ಅಮೆರಿಕದ ನಿಯಂತ್ರಕರು 2025ರಲ್ಲಿ, ಆಸ್ಪತ್ರೆಯ ಸಮೀಪ ಉಳಿಯಬೇಕಾದ ಅವಧಿಯನ್ನು ನಾಲ್ಕು ವಾರದಿಂದ ಎರಡಕ್ಕೆ ಇಳಿಸಿದ್ದು ಈ ಅನುಭವದಿಂದಲೇ. ಆಮೇಲೆ ಉಳಿಯುವುದು ಬೇರೆ ಬಗೆಯ ಅಪಾಯ: ಕಾರ್-ಟಿ ಆರೋಗ್ಯವಂತ ಬಿ ಕೋಶಗಳನ್ನೂ ಅಳಿಸುವುದರಿಂದ ಪ್ರತಿಕಾಯಗಳು ತಗ್ಗಿ, ತಿಂಗಳುಗಳವರೆಗೆ ಸೋಂಕು ತಗಲಬಹುದು. ಆ ಜ್ವರಕ್ಕೆ ಮೊದಲು ಕೈಹಾಕುವವರು ಬೆಂಗಳೂರಿನ ತಜ್ಞರಲ್ಲ, ಕಲಬುರಗಿಯ ವೈದ್ಯರು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಕೊಡುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಮಿತಿ ಕಾರ್-ಟಿ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ, ನಿಜ. ಸೋಂಕಿನ ಈ ಆರೈಕೆಯ ಬಹುಪಾಲು ಮಾತ್ರ ಅದರೊಳಗೇ ಹಿಡಿಯಬಲ್ಲದು.