ಚಳಿಗೆ ಮುನಿಯುವ ಪಿಕಪ್: ಹ್ಯಾಂಡಲಿನಿಂದ ಹೀಟರಿನವರೆಗೆ

ನಮ್ಮೂರ ಕಡೆ ಚಳಿ ಅಂದರೆ ಮಡಿಕೇರಿ, ಇಲ್ಲಾಂದ್ರೆ ಬೀದರ. ಗಾಡಿಯೇ ಏಳದಷ್ಟು ಚಳಿ ಹೇಗಿರುತ್ತೆ ಅಂತ ತಿಳಿಯಬೇಕಾದರೆ ದೆಹಲಿ ದಾಟಿ ಹಿಮಾಚಲ, ಉತ್ತರಾಖಂಡದ ಬೆಟ್ಟದೂರುಗಳಿಗೆ ಜನವರಿಯಲ್ಲಿ ಹೋಗಬೇಕು. ಹಾಲು, ತರಕಾರಿ ಹೊರುವ ಹಳೇ ಪಿಕಪ್ ಬೆಳಗಿನ ಜಾವ ಕೈಕೊಟ್ಟರೆ ಆ ಮನೆಯ ಒಂದು ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ. ಸಾಲದ ಕಂತು ಮಾತ್ರ ಚಳಿ ಅಂತ ರಜೆ ಹಾಕುವುದಿಲ್ಲ! ಅದರ ಮೇಲೆ ಕಾಯಿಲೆ ಗೊತ್ತಾಗದೆ ಹೊಸ ಬ್ಯಾಟರಿಗೆ ಸಾವಿರಗಟ್ಟಲೆ ಸುರಿದರೆ ಗಾಯದ ಮೇಲೆ ಬರೆ.

ನಾನು ಕಾಮರ್ಸ್ ಓದಿದವನು, ಎಂಜಿನ್ ಬಿಚ್ಚಿ ನೋಡಿದವನಲ್ಲ. ಆದರೆ ಇದರ ಇತಿಹಾಸ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಚಳಿಯನ್ನು ಗೆಲ್ಲಲು ಒಂದೊಂದು ಕಾಲದಲ್ಲಿ ಒಂದೊಂದು ಸಾಧನ ಬಂತು. ಇವತ್ತಿನ ಕಾಯಿಲೆಗಳೆಲ್ಲ ಆ ಸಾಧನಗಳದ್ದೇ.

ಮೊದಲಿಗೆ ಇದ್ದದ್ದು ಹ್ಯಾಂಡಲ್. ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ಕಾರ್ಖಾನೆಯಲ್ಲೇ ಪೂರ್ತಿ ತಯಾರಾದ ತನ್ನ ಮೊದಲ ಪಿಕಪ್ ಅನ್ನು 281 ಡಾಲರಿಗೆ ಮಾರಾಟಕ್ಕಿಟ್ಟಿತು. ಅದು ಮಾಡೆಲ್ ಟಿ ಗಾಡಿಯ ಅವತಾರ. ಚಳಿಗಾಲದಲ್ಲಿ ಮಾಡೆಲ್ ಟಿ ಎಬ್ಬಿಸುವುದು ದೊಡ್ಡ ಸಾಹಸ. ಆಯಿಲ್ ಗಟ್ಟಿಯಾಗಿ ಕ್ಲಚ್ ಅಂಟಿಕೊಂಡಿರುತ್ತಿತ್ತು, ಹಾಗಾಗಿ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಇನ್‌ಟೇಕ್ ಕೊಳವೆಯ ಮೇಲೆ ಬಿಸಿನೀರು ಸುರಿದು, ಆಮೇಲೆ ಹ್ಯಾಂಡಲ್ ತಿರುಗಿಸುತ್ತಿದ್ದರು. ಎಂಜಿನ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ಮಣಿಕಟ್ಟಿನ ಬಳಿಯ ಒಂದು ಬಗೆಯ ಮೂಳೆಮುರಿತಕ್ಕೆ ವೈದ್ಯರು ಇಂದಿಗೂ 'ಷೋಫರ್ಸ್ ಫ್ರಾಕ್ಚರ್' ಅಂತಾರೆ. ಷೋಫರ್ ಅನ್ನುವ ಫ್ರೆಂಚ್ ಪದದ ಮೂಲ ಅರ್ಥ 'ಬಿಸಿ ಮಾಡುವವನು' ಅಂತ. ತಮಾಷೆ ಅಲ್ಲವೇ?

ಈ ಕಷ್ಟ ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ನಮ್ಮ ಬ್ಯಾಂಕಿನವರಿಗೆ ಇವರು ದೂರದ ನೆಂಟರು ಅನ್ನಬಹುದು, ಯಾಕೆಂದರೆ ಮೊದಲು ಕೆಲಸ ಮಾಡಿದ್ದು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಗಲ್ಲಾಪೆಟ್ಟಿಗೆ ಯಂತ್ರಕ್ಕೆ ಅವರು ಸಣ್ಣ ವಿದ್ಯುತ್ ಮೋಟಾರ್ ಅಳವಡಿಸಿದ್ದರು. ಆ ಮೋಟಾರು ದಿನವಿಡೀ ತಿರುಗಬೇಕಾಗಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಎಂಜಿನ್ ಎಬ್ಬಿಸುವುದಕ್ಕೂ ಬೇಕಾದದ್ದು ಅಷ್ಟೇ! 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಮಾಡೆಲ್ ಟಿ ಗಾಡಿಗೂ 1919ರಿಂದ ಬೇಕೆಂದವರಿಗೆ ಸಿಗತೊಡಗಿತು.

ಆದರೆ ಕೈಯ ಭಾರ ಬ್ಯಾಟರಿಯ ಮೇಲೆ ಬಿತ್ತು. ಸೀಸ-ಆಮ್ಲದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ಟಾನ್ ಪ್ಲಾಂಟೆ ಕಂಡುಹಿಡಿದದ್ದು. ಅದರ ಒಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ, ಮೈನಸ್ 18ರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಅದೇ ಹೊತ್ತಿಗೆ ಗಟ್ಟಿಯಾದ ಆಯಿಲ್ ಹೆಚ್ಚು ಶಕ್ತಿ ಕೇಳುತ್ತದೆ. ಆದಾಯ ಇಳಿದಾಗಲೇ ಖರ್ಚು ಏರಿದಂತೆ! ಆಯಿಲ್ ಡಬ್ಬದ ಮೇಲೆ 15ಡಬ್ಲ್ಯೂ-40 ಅಂತ ಇರುತ್ತಲ್ಲ, ಆ ಡಬ್ಲ್ಯೂ ಅಂದರೆ ವಿಂಟರ್.

ಇನ್ನು ಡೀಸೆಲ್. ರುಡಾಲ್ಫ್ ಡೀಸೆಲ್ ಎಂಜಿನ್ 1897ರಲ್ಲಿ ಜರ್ಮನಿಯಲ್ಲಿ ಯಶಸ್ವಿಯಾಯಿತು. ಅದರಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿದಾಗ ಇಂಧನ ತಾನೇ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ತಣ್ಣಗಿನ ಕಬ್ಬಿಣವೇ ಆ ಶಾಖವನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಬಂದದ್ದು ಗ್ಲೋ ಪ್ಲಗ್, ಇಲ್ಲಿನ ಡ್ರೈವರುಗಳ ಬಾಯಲ್ಲಿ 'ಹೀಟರ್'. 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರು ಬಂತು. ಅಂಥ ಹಳೆಯ ಡೀಸೆಲ್ ಕಾರುಗಳಲ್ಲಿ ಪ್ಲಗ್ ಕಾಯುವ ತನಕ ಸುಮ್ಮನೆ ಕೂರುವುದನ್ನು ಜರ್ಮನ್ನರು 'ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ' ಅಂತ ಹಾಸ್ಯ ಮಾಡುತ್ತಿದ್ದರು.

ಕೊನೆಯದು ಡೀಸೆಲ್ ಎಣ್ಣೆಯೇ. ಅದರೊಳಗೆ ಮೇಣ ಇರುತ್ತದೆ, ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ನಮ್ಮ ಮನೆಯ ಕೊಬ್ಬರಿ ಎಣ್ಣೆ ನೆನಪಿಸಿಕೊಳ್ಳಿ. ಲಡಾಖಿನಲ್ಲಿ ಡ್ರೈವರುಗಳು ಸೀಮೆಎಣ್ಣೆ ಬೆರೆಸುತ್ತಿದ್ದರು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಅಲ್ಲಿಗಾಗಿ ತಂದಿತು.

ಈ ಇತಿಹಾಸವನ್ನೇ ಪರೀಕ್ಷೆಯ ಕ್ರಮ ಮಾಡಿಕೊಳ್ಳಿ. ಕೀ ತಿರುಗಿಸಿದಾಗ ಎಂಜಿನ್ ನರಳುತ್ತಾ ನಿಧಾನ ತಿರುಗಿದರೆ, ಅಥವಾ ಬರೀ 'ಟಕ್' ಅಂದರೆ, ಅದು ಕೆಟರಿಂಗ್ ಕಾಲದ ಕಾಯಿಲೆ. ಬ್ಯಾಟರಿ, ಟರ್ಮಿನಲ್ ಮೇಲಿನ ಬಿಳಿ ಪುಡಿ, ಅರ್ಥ್ ವಯರ್ ನೋಡಿ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ಉಜ್ಜಿ ಬಿಗಿ ಮಾಡಿ, ಅದಕ್ಕೆ ಕಾಸು ಬೇಕಿಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ, ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ಅದರ ರಿಲೇ ಪರೀಕ್ಷಿಸಿ. ಅವು ಸರಿಯಿದ್ದರೆ ಎಂಜಿನ್ ಸವೆದು ಕಂಪ್ರೆಷನ್ ಇಳಿದಿರಬಹುದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ: ಫಿಲ್ಟರಿನಲ್ಲಿ ಮೇಣ ಅಥವಾ ನೀರು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿದೆ.

ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು, ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯುವುದು, ಎರಡೂ ಪ್ರಾಣಕ್ಕೆ ಅಪಾಯ. ಮುಂಬೈ, ಚೆನ್ನೈನಲ್ಲಿರುವವರು ನಗಬಹುದು. ಆದರೆ ಅಲ್ಲಿನ ಸೆಕೆಯಲ್ಲಿ ಸತ್ತ ಹೀಟರ್ ಪ್ಲಗ್ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಬೆಟ್ಟಕ್ಕೆ ಒಯ್ದವನಿಗೆ ಮೊದಲ ಚಳಿಗಾಲದಲ್ಲಿ ಅದು ತಿಳಿಯುತ್ತದೆ. ಕೊಳ್ಳುವವರು ಮುಂಜಾನೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿ ನೋಡುವುದು ಒಳ್ಳೆಯದು.